ಆಕ್ಸೊಲಾಟಲ್ ಸಾಕುವ ಮೊದಲು ಅದರ ಊಟ ಸಾಕಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಬಂದ ಆಕ್ಸೊಲಾಟಲ್ ಬರಹ ಓದಿದೆ. ಕಪ್ಪೆಗಳ ದೂರದ ನೆಂಟನಾದ, ಬಾಲವಿರುವ, ಜೀವನವಿಡೀ ನೀರಲ್ಲೇ ಕಳೆಯುವ ಸಲಮ್ಯಾಂಡರ್ ಅದು. ಚಿತ್ರ ಚೆನ್ನಾಗಿತ್ತು. ಮೆಕ್ಸಿಕೊ ನಗರದ ಷೋಚಿಮಿಲ್ಕೊ ಕಾಲುವೆಗಳೇ ಅದರ ಮೂಲ ನೆಲೆ ಎಂಬ ವಿಷಯ, ಕಡಿದುಹೋದ ಕಾಲು ಮತ್ತೆ ಬೆಳೆಯುವ ವಿಷಯ ಎಲ್ಲ ಸರಿಯಾಗಿಯೇ ಇತ್ತು. ನನ್ನ ತಕರಾರು ಕೊನೆಯ ಸಾಲಿಗೆ ಮಾತ್ರ. ಇದನ್ನು ಮನೆಯ ಅಕ್ವೇರಿಯಂನಲ್ಲೂ ಸುಲಭವಾಗಿ ಸಾಕಬಹುದು ಎಂದು ಬರೆದಿದ್ದೀರಿ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. ಜೊತೆಗೆ 'ಚಿಕ್ಕಮ್ಮಾ, ನೋಡು, ಪೇಪರಲ್ಲೇ ಬಂದಿದೆ' ಎಂಬ ಒಕ್ಕಣೆ ಬೇರೆ. ಈಗ ಅಕ್ಕನ ಮನೆಯಲ್ಲಿ ದಿನಾ ಜಗಳ.

ನಾನು ಸಿದ್ದಾಪುರ ತಾಲ್ಲೂಕಿನವಳು. ಇಂಗ್ಲೆಂಡಿನ ನಾರಿಚ್‌ನಲ್ಲಿ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಇದೇ ವರ್ಷ ಮೊದಲ ಸಲ ಆಕ್ಸೊಲಾಟಲ್ ಮರಿಗಳನ್ನು ಮೊಟ್ಟೆಯಿಂದ ಬೆಳೆಸಿದೆ. ಖುಷಿಯಿಂದಲೇ ಬೆಳೆಸಿದೆ. ಆದರೆ 'ಸುಲಭ' ಅನ್ನುವ ಮಾತನ್ನು ಯಾರ ಮುಂದೆಯೂ ಆಡಲಾರೆ. ಮಕ್ಕಳಿಗೆ ಇದರ ಹುಚ್ಚು ಹಿಡಿಸಿದ್ದು ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟ. 2021ರಲ್ಲಿ ಈ ಪ್ರಾಣಿಯನ್ನು ಆ ಆಟಕ್ಕೆ ಸೇರಿಸಿದರು. ಅಲ್ಲಿ ಇದನ್ನು ಬಕೆಟ್‌ನಲ್ಲಿ ಹಿಡಿದುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಮನೆಗೆ ತಂದ ಮೇಲೆ ಆ ಬಕೆಟ್ಟಿನ ನೀರು ಬದಲಿಸುವವರು ಯಾರು? ಅಮ್ಮಂದಿರು ತಾನೇ? ಹಾಗಾಗಿ ಈ ಪತ್ರ ಮಕ್ಕಳಿಗಿಂತ ಅವರ ಅಮ್ಮಂದಿರಿಗೇ ಜಾಸ್ತಿ.

ಮೊಟ್ಟೆಗಳನ್ನು ಕೊಟ್ಟಿದ್ದು ನನ್ನ ಸಹೋದ್ಯೋಗಿ. ಅವರ ಮನೆಯಲ್ಲಿ ಒಂದು ಜೋಡಿ ಇದೆ. ಯಾರೂ ಕೇಳದೆ, ಯಾರೂ ಬಯಸದೆ ಆ ಜೋಡಿ ಮೊಟ್ಟೆಯಿಟ್ಟಿತ್ತು. ಒಂದು ಹೆಣ್ಣು ಒಂದೇ ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ, ಸಾವಿರ ದಾಟುವುದೂ ಉಂಟು. ಜಲಸಸ್ಯದ ಎಲೆ, ಪೈಪು, ಗಾಜು ಎನ್ನದೆ ಸಿಕ್ಕಲ್ಲಿಗೆ ಒಂದೊಂದನ್ನೇ ಅಂಟಿಸುತ್ತಾ ಹೋಗುತ್ತದೆ. ಅದರಲ್ಲಿ ಒಂದು ಹಿಡಿಯಷ್ಟನ್ನು ಎಲೆ ಸಮೇತ ಐಸ್‌ಕ್ರೀಂ ಡಬ್ಬಿಯಲ್ಲಿ ಹಾಕಿ ಕೊಟ್ಟರು. ನೆನೆಸಿದ ಸಬ್ಬಕ್ಕಿಯ ನಡುವೆ ಒಂದು ಸಾಸಿವೆ ಕೂರಿಸಿದ ಹಾಗೆ ಕಾಣುತ್ತಿದ್ದವು.

ಮೊದಲ ಎರಡು ಮೂರು ವಾರ ನಿಜಕ್ಕೂ ಸುಲಭ. ಅದನ್ನು ಒಪ್ಪುತ್ತೇನೆ. ಅಷ್ಟೇ ಚೆಂದವೂ ಹೌದು. ಮೊಟ್ಟೆಯ ಹೊರಗಿನ ಲೋಳೆ ಪಾರದರ್ಶಕ. ಒಂದು ಮಸೂರ ಹಿಡಿದರೆ ಒಳಗಿನ ಸಂಸಾರವೆಲ್ಲ ಕಾಣುತ್ತದೆ. ಕಪ್ಪು ಚುಕ್ಕೆ ಎರಡಾಗಿ, ನಾಲ್ಕಾಗಿ ಒಡೆಯುತ್ತದೆ. ಆಮೇಲೆ ಬೆನ್ನಿನ ಉದ್ದಕ್ಕೂ ಒಂದು ಕಾಲುವೆ ಮೂಡಿ, ಅದರ ಎರಡು ದಂಡೆಗಳು ಹತ್ತಿರ ಬಂದು ಮುಚ್ಚಿಕೊಳ್ಳುತ್ತವೆ. ಅದೇ ಮುಂದೆ ಮಿದುಳು, ಬೆನ್ನುಹುರಿ. ಚುಕ್ಕೆ ಉದ್ದವಾಗಿ, ಬಾಗಿ, ಬಾಲ ಬಂದು, ಒಂದು ದಿನ ಥಟ್ಟನೆ ಹೊರಳುತ್ತದೆ. ಲ್ಯಾಬಿನಲ್ಲಿ ದಿನವಿಡೀ ಸ್ಲೈಡು ನೋಡುವವಳು ನಾನು. ಆದರೂ ಮನೆಗೆ ಬಂದು ಮತ್ತೆ ಟಾರ್ಚ್ ಹಿಡಿದು ಕೂರುತ್ತಿದ್ದೆ. ಫಲ ಕಟ್ಟದ ಮೊಟ್ಟೆಗಳು ಬೆಳ್ಳಗೆ ಮಬ್ಬಾಗಿ ಬೂಷ್ಟು ಹಿಡಿಯುತ್ತವೆ. ಬೂಷ್ಟು ಪಕ್ಕದವಕ್ಕೂ ಹಬ್ಬುವ ಮೊದಲು ಅವನ್ನು ತೆಗೆದುಬಿಡಬೇಕು. ನೀರನ್ನು ತಂಪಾಗಿಡಬೇಕು. ಇಷ್ಟು ಮಾಡಿದರೆ 14ರಿಂದ 21 ದಿನಗಳೊಳಗೆ ಮರಿ ಹೊರಗೆ ಬರುತ್ತದೆ. ನೀರು ತೀರಾ ತಣ್ಣಗಿದ್ದರೆ ಇನ್ನೂ ಕೆಲವು ದಿನ ಜಾಸ್ತಿ ಹಿಡಿಯುತ್ತದೆ.

ಇನ್ನು ಅಸಲು ಕತೆ. ಹೊರಬಂದ ಮರಿ 1 ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ಎರಡು ಮೂರು ದಿನ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಸಾರದಲ್ಲೇ ಕಳೆಯುತ್ತದೆ. ಆಮೇಲೆ ಅದಕ್ಕೆ ಊಟ ಬೇಕು. ನಾನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಗೊದಮೊಟ್ಟೆಗಳನ್ನು ನೋಡುತ್ತಾ ಬೆಳೆದವಳು. ಅವು ಕಲ್ಲಿನ ಮೇಲಿನ ಪಾಚಿ ಕೆರೆದುಕೊಂಡು ಬದುಕುತ್ತವೆ. ಆಕ್ಸೊಲಾಟಲ್ ಮರಿ ಹಾಗಲ್ಲ, ಹುಟ್ಟಿನಿಂದಲೇ ಬೇಟೆಗಾರ. ಕಣ್ಣೆದುರು ಏನಾದರೂ ಅಲ್ಲಾಡಿದರೆ ಮಾತ್ರ ಬಾಯಿ ಹಾಕುತ್ತದೆ. ಅಂಗಡಿಯಲ್ಲಿ ಸಿಗುವ ಮೀನಿನ ಪುಡಿ ಆಹಾರವನ್ನು ಕಣ್ಣೆತ್ತಿ ನೋಡುವುದಿಲ್ಲ. ಪುಡಿ ತಳಕ್ಕೆ ಹೋಗಿ ಕೊಳೆಯುತ್ತದೆ, ಮರಿ ಹಸಿದು ಸಾಯುತ್ತದೆ.

ಹಾಗಾಗಿ ಬ್ರೈನ್ ಶ್ರಿಂಪ್ ಎಂಬ ಸೂಕ್ಷ್ಮ ಸೀಗಡಿಯನ್ನು ಮನೆಯಲ್ಲೇ ಹುಟ್ಟಿಸಬೇಕು. ಅದರ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಬರುತ್ತವೆ. ನೋಡಲು ಕಂದು ಪುಡಿ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದಲ್ಲಿ ಇದನ್ನು ಸಂಗ್ರಹಿಸಿ ಜಗತ್ತಿಗೆಲ್ಲ ಕಳಿಸುತ್ತಾರೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಹಾಕಿ, ಆ ಪುಡಿ ಉದುರಿಸಿ, ಸಣ್ಣ ಪಂಪಿನಿಂದ ಗಾಳಿ ಬಿಡುತ್ತಾ 26ರಿಂದ 28 ಡಿಗ್ರಿ ಬಿಸಿಯಲ್ಲಿ ಇಡಬೇಕು. ಒಂದು ಒಂದೂವರೆ ದಿನದಲ್ಲಿ ಮೊಟ್ಟೆ ಒಡೆದು ಕಿತ್ತಳೆ ಬಣ್ಣದ ಧೂಳು ನೀರಲ್ಲಿ ಕುಣಿಯತೊಡಗುತ್ತದೆ. ಈ ಚಳಿಯ ಊರಲ್ಲಿ ಅಷ್ಟು ಬೆಚ್ಚಗಿರುವುದು ನಮ್ಮ ಮನೆಯ ಬಾಯ್ಲರ್ ಕಪಾಟು ಒಂದೇ. ನಾನು ದೋಸೆ ಹಿಟ್ಟು ಹುಬ್ಬಲು ಇಡುವುದೂ ಅಲ್ಲೇ. ಹಾಗಾಗಿ ಮೇಲಿನ ಖಾನೆಯಲ್ಲಿ ದೋಸೆ ಹಿಟ್ಟು, ಕೆಳಗಿನ ಖಾನೆಯಲ್ಲಿ ಬುಳುಬುಳು ಅನ್ನುವ ಸೀಗಡಿ ಬಾಟಲಿ. ನಮ್ಮವರು ಆ ದಿನಗಳಲ್ಲಿ ದೋಸೆಯನ್ನು ತುಸು ಅನುಮಾನದಿಂದಲೇ ತಿಂದರು.

ಪೇಚು ಎಲ್ಲಿದೆ ಗೊತ್ತಾಯಿತಲ್ಲ? ತಿನ್ನುವ ಮರಿಗೆ 16ರಿಂದ 18 ಡಿಗ್ರಿಯ ತಂಪು ಸಿಹಿನೀರು. ತಿನ್ನಿಸಿಕೊಳ್ಳುವ ಸೀಗಡಿಗೆ 28 ಡಿಗ್ರಿಯ ಬೆಚ್ಚನೆಯ ಉಪ್ಪುನೀರು. ಒಂದೇ ಮನೆಯಲ್ಲಿ ಎರಡು ಹವಾಮಾನ ಇಟ್ಟುಕೊಳ್ಳಬೇಕು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ವಿವರಿಸಿದೆ. 'ಎಂತ ಮಾರಾಯ್ತಿ, ಒಂದು ಜೀವ ಸಾಕಲಿಕ್ಕೆ ಇನ್ನೊಂದು ಜೀವ ಸಾಕೂದಾ?' ಅಂದರು. ಹೌದಮ್ಮ, ಅದೇ.

ಸೀಗಡಿ ಹುಟ್ಟಿತು ಅಂತ ಹಾಗೇ ಸುರಿಯುವಂತಿಲ್ಲ. ಒಡೆದ ಚಿಪ್ಪುಗಳು ಮೇಲೆ ತೇಲುತ್ತವೆ. ಒಡೆಯದ ಮೊಟ್ಟೆಗಳು ತಳ ಸೇರುತ್ತವೆ. ಎರಡೂ ಮರಿಯ ಹೊಟ್ಟೆಗೆ ಹೋಗಬಾರದು. ಬಾಟಲಿಯ ಒಂದು ಕಡೆ ಟಾರ್ಚ್ ಹಿಡಿದರೆ ಜೀವಂತ ಸೀಗಡಿಗಳೆಲ್ಲ ಬೆಳಕಿನತ್ತ ಬಂದು ಗುಂಪುಗೂಡುತ್ತವೆ. ಅವನ್ನು ಸಣ್ಣ ಕೊಳವೆಯಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು ಕೊಡಬೇಕು. ಸೋಸಲು ನಮ್ಮವರ ಹಳೆಯ ಪಂಚೆಯ ತುಂಡು ಬಹಳ ಚೆನ್ನಾಗಿ ಆಯಿತು. ಅಂಗಡಿಯ ಜಾಲರಿಗಿಂತ ಮೇಲು. ಇವತ್ತು ಹುಟ್ಟಿಸಿದ್ದನ್ನು ಇವತ್ತೇ ತಿನ್ನಿಸಬೇಕು. ಒಂದು ದಿನ ಕಳೆದರೆ ಆ ಸೀಗಡಿ ತನ್ನೊಳಗಿನ ಸಾರವನ್ನೇ ಖರ್ಚು ಮಾಡಿಕೊಂಡಿರುತ್ತದೆ, ಮರಿಗೆ ಸಿಗುವುದು ಬರೀ ಸಿಪ್ಪೆ. ಅಂದರೆ ಒಂದು ಬಾಟಲಿ ಒಡೆಯುವ ಹೊತ್ತಿಗೆ ಇನ್ನೊಂದು ಬಾಟಲಿ ಹೂಡಿರಬೇಕು. ಹಬ್ಬ, ಹುಣ್ಣಿಮೆ, ನೈಟ್ ಡ್ಯೂಟಿ ಯಾವುದಕ್ಕೂ ರಜೆ ಇಲ್ಲ.

ತಿನ್ನದೆ ಉಳಿದ ಸೀಗಡಿಗಳು ಸಿಹಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸತ್ತು ನೀರನ್ನು ಕೆಡಿಸುತ್ತವೆ. ಆದ್ದರಿಂದ ಮರಿಗಳ ನೀರನ್ನು ದಿನಾ ಪೂರ್ತಿ ಬದಲಿಸಬೇಕು. ನಲ್ಲಿ ನೀರನ್ನು ನೇರವಾಗಿ ಹಾಕುವಂತಿಲ್ಲ, ಕ್ಲೋರಿನ್ ಅವುಗಳ ಕಿವಿರು ಸುಡುತ್ತದೆ. ಕ್ಲೋರಿನ್ ತೆಗೆಯುವ ದ್ರವ ಬೆರೆಸಿ, ಅದೇ ತಂಪಿಗೆ ತಂದು ಹಾಕಬೇಕು. ನಾರಿಚ್‌ನ ನೀರು ಗಡಸು, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಕೂದಲಿಗೆ ಹಾಳು, ಆಕ್ಸೊಲಾಟಲ್‌ಗೆ ಒಳ್ಳೆಯದು.

ಮರಿ 2 ಸೆಂಟಿಮೀಟರ್ ಆಗುವ ಹೊತ್ತಿಗೆ ಮುಂಗಾಲು ಮೂಡುತ್ತದೆ. ಕಪ್ಪೆಗಳಲ್ಲಿ ಮೊದಲು ಕಾಣುವುದು ಹಿಂಗಾಲು. ಇಲ್ಲಿ ತಿರುಗುಮುರುಗು. ಮುಂಗಾಲು ಬಂದದ್ದೇ ತಡ, ಅಣ್ಣ ತಮ್ಮಂದಿರ ಜಗಳ ಶುರು. ಪಕ್ಕದ ಮರಿಯ ಕಾಲು ಅಲ್ಲಾಡಿತೋ, ಊಟವೆಂದು ತಿಳಿದು ಕಚ್ಚಿ ಎಳೆಯುತ್ತವೆ. ಕಿವಿರಿನ ಎಳೆಗಳೂ ಹೋಗುತ್ತವೆ. ಕಾಲು ಮತ್ತೆ ಬೆಳೆಯುತ್ತದೆ ನಿಜ, ನಿಮ್ಮ ಮಕ್ಕಳ ಪುಟ ಅದನ್ನು ಪವಾಡ ಎಂದು ಬರೆದಿತ್ತು. ಮೂರು ಕಾಲಿನ ಮರಿಯನ್ನು ಬೆಳಿಗ್ಗೆ ಎದ್ದು ನೋಡುವ ಮಗುವಿಗೆ ಅದು ಪವಾಡದ ಹಾಗೆ ಕಾಣುವುದಿಲ್ಲ. ಸಣ್ಣವು ಕೆಲವೊಮ್ಮೆ ಪೂರ್ತಿಯಾಗಿಯೇ ದೊಡ್ಡವುಗಳ ಹೊಟ್ಟೆ ಸೇರುತ್ತವೆ. ಇದಕ್ಕೆ ಇರುವ ದಾರಿ ಒಂದೇ: ಒಂದೊಂದು ಮರಿಗೂ ಒಂದೊಂದು ಡಬ್ಬಿ. ನಮ್ಮ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯ ತುಂಬ ಮೊಸರಿನ ಖಾಲಿ ಡಬ್ಬಿಗಳು ಸಾಲು ಹಿಡಿದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಸುತ್ತು, ರಾತ್ರಿ ಊಟ ಮುಗಿದ ಮೇಲೆ ಇನ್ನೊಂದು ಸುತ್ತು. ನೀರು ಚೆಲ್ಲು, ನೀರು ತುಂಬು, ಡ್ರಾಪರಿನಲ್ಲಿ ಊಟ ಬಿಡು. ಮರಿಗಳು ಸುಮಾರು 7 ಸೆಂಟಿಮೀಟರ್ ದಾಟಿ, ಎರೆಹುಳದ ಚೂರು ತಿನ್ನಲು ಕಲಿತ ಮೇಲೆ ಉಸಿರು ಬಿಟ್ಟೆ.

ಎಲ್ಲರೂ ಮುಚ್ಚಿಡುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನನಗೆ ಒಂದು ಹಿಡಿ ಮೊಟ್ಟೆ ಬಂತು ಅಂದೆನಲ್ಲ, ಉಳಿದವು ಏನಾದವು? ಸಹೋದ್ಯೋಗಿ ಅವನ್ನು ಫ್ರೀಜರಿಗೆ ಹಾಕಿದರು. ಒಳಗೆ ಮರಿಯ ರೂಪ ಮೂಡುವ ಮೊದಲೇ. ಇಲ್ಲಿ ಜವಾಬ್ದಾರಿಯಿಂದ ಸಾಕುವವರೆಲ್ಲ ಹೀಗೇ ಮಾಡುತ್ತಾರೆ. ನೂರಾರು ಮರಿಗಳಿಗೆ ಡಬ್ಬಿ ಎಲ್ಲಿ, ಊಟ ಎಲ್ಲಿ, ಆಮೇಲೆ ಮನೆ ಎಲ್ಲಿ? ಕೆರೆಗೆ ಬಿಡುವುದಂತೂ ಬ್ರಿಟನ್ನಿನಲ್ಲಿ 1981ರ ಕಾಯ್ದೆಯ ಪ್ರಕಾರ ಅಪರಾಧ. ಸಸ್ಯಾಹಾರಿ ಮನೆಯಲ್ಲಿ ಬೆಳೆದ ನನಗೆ ಆ ಫ್ರೀಜರ್ ವಿಷಯ ಕೇಳಿ ಹೊಟ್ಟೆ ತೊಳಸಿತು. ಯೋಚಿಸಿದ ಮೇಲೆ ಅವರೇ ಸರಿ ಅನ್ನಿಸಿತು. ಈ ನಿರ್ಧಾರ ತೆಗೆದುಕೊಳ್ಳಲು ಆಗದವರು ಗಂಡು ಹೆಣ್ಣನ್ನು ಒಂದೇ ತೊಟ್ಟಿಯಲ್ಲಿ ಇಡಲೇಬಾರದು. ನಾನು ಬೆಳೆಸಿದ ಮರಿಗಳಿಗೆ ಮನೆ ಹುಡುಕಿದ್ದು ಬೆಳೆಸಿದ್ದಕ್ಕಿಂತ ಕಷ್ಟವಾಯಿತು. ಕೇಳುವವರು ಬಹಳ ಜನ. 'ಬೇಸಿಗೆಯಲ್ಲಿ ನೀರು ಹೇಗೆ ತಂಪಾಗಿಡುತ್ತೀರಿ?' ಅಂತ ತಿರುಗಿ ಕೇಳಿದರೆ ಅರ್ಧದಷ್ಟು ಜನ ಸುಮ್ನೆ ಆಗುತ್ತಿದ್ದರು.

ಇದೇ ಪ್ರಶ್ನೆಯನ್ನು ಹುಬ್ಬಳ್ಳಿಗೂ ಕೇಳುತ್ತೇನೆ. ಆಕ್ಸೊಲಾಟಲ್‌ನ ಮೂಲ ಊರು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಗಿಂತಲೂ ಮೇಲೆ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಿರಿಕಿರಿ. 24 ದಾಟಿದ ನೀರಲ್ಲೇ ಉಳಿದರೆ ಊಟ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ, ಸಾಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಹಾಲ್‌ನಲ್ಲಿ ಇಟ್ಟ ತೊಟ್ಟಿಯ ನೀರು ಎಷ್ಟು ಡಿಗ್ರಿ ಇರಬಹುದು, ನೀವೇ ಊಹಿಸಿ. ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿದೀತು. ಮಳೆಗಾಲದ ತೇವದಲ್ಲಿ ಅಷ್ಟೂ ಇಳಿಯುವುದಿಲ್ಲ. ಐಸ್ ಬಾಟಲಿ ಹಾಕುತ್ತಾ ಕೂತರೆ ನೀರು ಒಮ್ಮೆ ತಣ್ಣಗೆ, ಒಮ್ಮೆ ಬೆಚ್ಚಗೆ. ಅದೂ ಹಿಂಸೆಯೇ. ಉಳಿದದ್ದು ಚಿಲ್ಲರ್ ಯಂತ್ರ. ಅದು ತೊಟ್ಟಿಗಿಂತ ದುಬಾರಿ. ಕರೆಂಟು ಹೋದ ಮಧ್ಯಾಹ್ನಕ್ಕೆ ಮತ್ತೆ ಯುಪಿಎಸ್ ಬೇಕು. ಈ ಪ್ರಾಣಿ 10ರಿಂದ 15 ವರ್ಷ ಬದುಕುತ್ತದೆ. ಈಗ ಐದನೇ ಕ್ಲಾಸಿನಲ್ಲಿರುವ ಹುಡುಗ ಓದಿಗೆ ಅಂತ ಹಾಸ್ಟೆಲ್ ಸೇರಿದ ಮೇಲೆ ಚಿಲ್ಲರ್ ನೋಡಿಕೊಳ್ಳುವವಳು ನಮ್ಮಕ್ಕ.

ಕಾನೂನಿನ ಮಾತೂ ಇದೆ. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಆಕ್ಸೊಲಾಟಲ್ ಇದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೇ ಶೆಡ್ಯೂಲಿಗೆ ಸೇರಿಸಿತು. 2024ರಲ್ಲಿ ನಿಯಮಗಳೂ ಬಂದವು. ಇಂಥ ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೆ ಅದನ್ನೂ ತಿಳಿಸಬೇಕು. 'ದೀಪಾವಳಿಗೆ ಬರುವಾಗ ಸೂಟ್‌ಕೇಸ್‌ನಲ್ಲಿ ನಾಲ್ಕು ಮೊಟ್ಟೆ ಹಾಕ್ಕೊಂಡು ಬಾ' ಎಂದು ಅಕ್ಕನ ಮಗ ಕೇಳಿದ್ದಾನೆ. ಪರವಾನಗಿ ಇಲ್ಲದೆ ಹಾಗೆ ತಂದರೆ ಚಿಕ್ಕಮ್ಮ ವಿಮಾನ ನಿಲ್ದಾಣದಿಂದ ನೇರ ಪೊಲೀಸ್ ಠಾಣೆಗೆ. ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಓದುಗರಿಗೂ ಒಂದು ಮಾತು: ಆ ರಾಜ್ಯದಲ್ಲಿ ಆಕ್ಸೊಲಾಟಲ್ ಸಾಕುವುದೇ ನಿಷಿದ್ಧ.

ಅಳಿವಿನಂಚಿನ ಪ್ರಾಣಿಯನ್ನು ಮನೆಯಲ್ಲಿ ಸಾಕಿದರೆ ಅದು ಉಳಿಯುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಲ್ಯಾಬುಗಳಲ್ಲಿ, ಮನೆಗಳಲ್ಲಿ ಇರುವ ಬಹುಪಾಲು ಆಕ್ಸೊಲಾಟಲ್‌ಗಳ ವಂಶ 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ ಹೋದ ಕೆಲವೇ ಪ್ರಾಣಿಗಳದ್ದು. ತೊಟ್ಟಿಯಿಂದ ತೊಟ್ಟಿಗೆ ಒಂದೂವರೆ ಶತಮಾನ ಕಳೆದಿದೆ. ಮಕ್ಕಳು ಇಷ್ಟಪಡುವ ಬಿಳಿ ಮೈ, ಕೆಂಪು ಕಣ್ಣಿನವುಗಳಲ್ಲಿ 1960ರ ದಶಕದಲ್ಲಿ ಬೇರೆ ಜಾತಿಯ ಟೈಗರ್ ಸಲಮ್ಯಾಂಡರಿನಿಂದ ಬೆರೆಸಿದ ಗುಣ ಇದೆ. ಇವನ್ನು ಷೋಚಿಮಿಲ್ಕೊಗೆ ಬಿಡುವ ಹಾಗಿಲ್ಲ. ಅಲ್ಲಿ 1998ರಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದ ಸಂಖ್ಯೆ 2014ರ ಎಣಿಕೆಯಲ್ಲಿ 36ಕ್ಕೆ ಇಳಿದಿತ್ತು. ಸಾಕಲೆಂದು ತಂದು ಬಿಟ್ಟ ಕಾರ್ಪ್, ಟಿಲಾಪಿಯಾ ಮೀನುಗಳು ಮೊಟ್ಟೆ ಮರಿಗಳನ್ನು ತಿಂದವು. ನಗರದ ಕೊಳಕು ನೀರು ಉಳಿದದ್ದನ್ನು ಮಾಡಿತು. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಂಬ್ರಾನೊ ಮತ್ತು ಸಂಗಡಿಗರು, ಹೂಳಿನ ಮೇಲೆ ಬೆಳೆ ತೆಗೆಯುವ ಚಿನಾಂಪಾ ರೈತರ ಜೊತೆ ಸೇರಿ ಕಾಲುವೆಗಳಿಗೆ ತಡೆ ಕಟ್ಟಿ, ಆ ಮೀನುಗಳನ್ನು ಹೊರಗಿಟ್ಟು ನೀರು ತಿಳಿಗೊಳಿಸುತ್ತಿದ್ದಾರೆ. ಅವರು ಬಿಟ್ಟ 18 ಆಕ್ಸೊಲಾಟಲ್‌ಗಳು ಹೊರಗಿನ ನೀರಿನಲ್ಲಿ ಬದುಕಿದವು ಎಂದು 2025ರಲ್ಲಿ ವರದಿಯಾಯಿತು. ಉಳಿಸುವ ಕೆಲಸ ಅಂದರೆ ಅದು. ನನ್ನ ಮೊಸರು ಡಬ್ಬಿಗಳದ್ದು ಬರೀ ಹವ್ಯಾಸ.

ಸಂಪಾದಕರೇ, ನನ್ನ ಕೋರಿಕೆ ಎರಡು. ಮೊದಲನೆಯದು, ಮುಂದಿನ ವಾರದ ಮಕ್ಕಳ ಪುಟದಲ್ಲಿ ನೀರಿನ ತಂಪು, ಜೀವಂತ ಊಟ, ನೋಂದಣಿ ಈ ಮೂರರ ಬಗ್ಗೆ ನಾಲ್ಕು ಸಾಲು ಹಾಕಿ. ಅಕ್ಕನ ಮನೆಯ ಜಗಳ ನಿಲ್ಲುತ್ತದೆ.

ಎರಡನೆಯದು, ಮೊಟ್ಟೆಯಿಂದ ಮರಿಯಾಗುವ ಸೋಜಿಗವನ್ನೇ ಮಕ್ಕಳಿಗೆ ತೋರಿಸಬೇಕಾದರೆ ಕುಂಬಾರ ಕಪ್ಪೆಯ ಬಗ್ಗೆ ಬರೆಯಿರಿ. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು. ನಮ್ಮ ಸಿದ್ದಾಪುರದ ಕತ್ತಲೆಕಾನು ಎಂಬ ಕಾಡಿನ ಹೊಳೆಯಲ್ಲಿದೆ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ಹೊಳೆಯ ತಳದ ಕೆಸರನ್ನು ಕೈಯಲ್ಲಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥದ್ದು ಮೆಕ್ಸಿಕೊದ ನಗುಮುಖದ ಆಕ್ಸೊಲಾಟಲ್‌ಗೂ ಬರುವುದಿಲ್ಲ! ಆ ಕಪ್ಪೆಯನ್ನು ಹಿಡಿದು ತರುವುದು ಬೇಡ, ಹೊಳೆಗೆ ಇಳಿದು ಕಲಕುವುದೂ ಬೇಡ. ಮಳೆಗಾಲದಲ್ಲಿ ಮನೆಯ ಹತ್ತಿರದ ಗುಂಡಿಯಲ್ಲಿ ನಿಂತ ನೀರಿಗೆ ಗೊದಮೊಟ್ಟೆ ಬಂದರೆ ಅಲ್ಲೇ ದಂಡೆಯಲ್ಲಿ ಕೂತು ದಿನಾ ನೋಡಿದರೆ ಸಾಕು. ಹಿಂಗಾಲು ಯಾವಾಗ ಬಂತು, ಬಾಲ ಯಾವಾಗ ಹೋಯಿತು ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ನಿಮಗೆ ಕಳಿಸಲಿ. ಅದರ ಪಕ್ಕದಲ್ಲಿ ಹಾಕಲು ಬೇಕಾದರೆ ನನ್ನ ಆಕ್ಸೊಲಾಟಲ್ ಮೊಟ್ಟೆಗಳ ಫೋಟೊ ಕಳಿಸಿಕೊಡುತ್ತೇನೆ. ಹಂತ ಹಂತವಾಗಿ ತೆಗೆದಿಟ್ಟಿದ್ದೇನೆ, ದುಡ್ಡು ಬೇಡ.

ಇಂತಿ,
ಸಿದ್ದಾಪುರ ಮೂಲದ ಓದುಗಾರ್ತಿ,
ನಾರಿಚ್, ಇಂಗ್ಲೆಂಡ್